ಮ್ಯಾಕ್ಯುಲಾ ಸವೆತ: ಚಿಕಿತ್ಸೆಗಳು

ಕಣ್ಣಿನ ಅಕ್ಷಿಪಟಲದ ನಡುಭಾಗವೇ ಮ್ಯಾಕ್ಯುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲಕ್ಕೂ ಇದೇ ಆಧಾರ. ವಯಸ್ಸಾದಂತೆ ಇದು ಸವೆದರೆ ನೇರ ನೋಟ ಮಸುಕಾಗುತ್ತದೆ, ಅಕ್ಕಪಕ್ಕದ ನೋಟ ಉಳಿಯುತ್ತದೆ. ರೋಗದಲ್ಲಿ ಒಣ ಬಗೆ, ಒದ್ದೆ ಬಗೆ ಎಂದು ಎರಡು ವಿಧ. ಒಣ ಬಗೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಒದ್ದೆ ಬಗೆಯಲ್ಲಿ ಅಕ್ಷಿಪಟಲದ ಅಡಿ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಕೆಲವೇ ವಾರಗಳಲ್ಲಿ ದೃಷ್ಟಿ ಕುಸಿಯಬಹುದು.

ಒದ್ದೆ ಬಗೆಗೆ ಮೊದಲು ಇದ್ದದ್ದು ಲೇಸರ್. ಅದು ನಾಳದ ಜೊತೆಗೆ ಮೇಲಿನ ಅಕ್ಷಿಪಟಲವನ್ನೂ ಸುಡುತ್ತಿತ್ತು. ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ರಾನಿಬಿಜುಮ್ಯಾಬ್ ಇಂಜೆಕ್ಷನ್‌ಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಾಗ ಪರಿಸ್ಥಿತಿಯೇ ಬದಲಾಯಿತು. ಮರೀನಾ ಎಂಬ ಪರೀಕ್ಷೆಯಲ್ಲಿ ತಿಂಗಳಿಗೊಮ್ಮೆ ಈ ಔಷಧ ಪಡೆದವರಲ್ಲಿ ಸುಮಾರು 95% ಮಂದಿ ಒಂದು ವರ್ಷದ ಕೊನೆಗೆ ದೃಷ್ಟಿ ಫಲಕದ 15 ಅಕ್ಷರಗಳಷ್ಟು ನೋಟ ಕಳೆದುಕೊಳ್ಳದೆ ಉಳಿದರು; ಔಷಧ ಪಡೆಯದವರಲ್ಲಿ ಈ ಪ್ರಮಾಣ 62%. ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಕನಿಷ್ಠ 15 ಅಕ್ಷರಗಳಷ್ಟು ನೋಟ ಮರಳಿತು. ಆಮೇಲೆ ಅಫ್ಲಿಬರ್ಸೆಪ್ಟ್, ಫಾರಿಸಿಮ್ಯಾಬ್ ಬಂದವು. ಇವುಗಳಲ್ಲಿ ಇಂಜೆಕ್ಷನ್‌ಗಳ ನಡುವಿನ ಅಂತರ ಹೆಚ್ಚಿಸಬಹುದು.

ಬಡ ರೋಗಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಬೆವಾಸಿಜುಮ್ಯಾಬ್. ಕರುಳಿನ ಕ್ಯಾನ್ಸರಿಗೆಂದು ಬಂದ ಈ ಔಷಧದ ಒಂದು ಬಾಟಲಿಯನ್ನು ಹಲವು ಕಣ್ಣುಗಳಿಗೆ ಹಂಚಬಹುದಾದ್ದರಿಂದ ಖರ್ಚು ಬಹಳ ಕಡಿಮೆ. ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ಕ್ಯಾಟ್ ಪರೀಕ್ಷೆ, ದೃಷ್ಟಿಯ ಮಟ್ಟಿಗೆ ಇದು ರಾನಿಬಿಜುಮ್ಯಾಬ್‌ಗೆ ಸಮ ಎಂದು 2011ರಲ್ಲಿ ತೋರಿಸಿತು. ಹಂಚುವಾಗ ಶುಚಿತ್ವ ತಪ್ಪಿದರೆ ಕಣ್ಣಿನೊಳಗೆ ಸೋಂಕಾಗುವ ಅಪಾಯವಿದೆ. ಭಾರತದಲ್ಲಿ 2015ರಿಂದ ಇಂಟಾಸ್ ಕಂಪನಿಯ ರಾನಿಬಿಜುಮ್ಯಾಬ್ ಪ್ರತಿರೂಪ, ರಾಜುಮ್ಯಾಬ್, ಸಿಗುತ್ತಿದೆ. ಯಾವ ಔಷಧವಾದರೂ, ಕಣ್ಣು ಸುಧಾರಿಸಿತೆಂದು ರೋಗಿ ತಾನಾಗಿ ನಿಲ್ಲಿಸಿದರೆ ನಾಳಗಳು ಮತ್ತೆ ಸೋರಬಹುದು. ಗಳಿಸಿದ ನೋಟ ಹೀಗೆ ಕೈಜಾರಬಹುದು.

ಒಣ ಬಗೆಯನ್ನು ವಾಸಿಮಾಡುವ ಔಷಧವಿಲ್ಲ. ಮಧ್ಯಮ ಹಂತದಲ್ಲಿ ವಿಟಮಿನ್ ಸಿ, ಇ, ಸತು, ತಾಮ್ರ, ಲೂಟೀನ್, ಜಿಯಾಕ್ಸಾಂಥಿನ್ ಇರುವ ಮಾತ್ರೆ ರೋಗ ಮುಂದಿನ ಹಂತಕ್ಕೆ ಹೋಗುವುದನ್ನು ನಿಧಾನಿಸುತ್ತದೆ. 2001ರ ಮೂಲ ಮಿಶ್ರಣ ಐದು ವರ್ಷಗಳಲ್ಲಿ ಈ ಅಪಾಯವನ್ನು ಸುಮಾರು 25% ತಗ್ಗಿಸಿತ್ತು. ಅದರಲ್ಲಿದ್ದ ಬೀಟಾ ಕ್ಯಾರೋಟಿನ್ ಧೂಮಪಾನಿಗಳಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ತರುವುದರಿಂದ, 2013ರ ಅಧ್ಯಯನದ ನಂತರ ಅದರ ಬದಲು ಲೂಟೀನ್, ಜಿಯಾಕ್ಸಾಂಥಿನ್ ಬಳಕೆಗೆ ಬಂದವು. ಆರಂಭದ ಹಂತದವರಿಗೆ, ರೋಗವೇ ಇಲ್ಲದವರಿಗೆ ಈ ಮಾತ್ರೆಯಿಂದ ಲಾಭ ಕಂಡಿಲ್ಲ. ಮುಂದುವರಿದ ಒಣ ಬಗೆಗೆ 2023ರಲ್ಲಿ ಅಮೆರಿಕ ಒಪ್ಪಿದ ಪೆಗ್‌ಸೆಟಾಕೊಪ್ಲಾನ್, ಅವಾಸಿನ್‌ಕ್ಯಾಪ್ಟಾಡ್ ಇಂಜೆಕ್ಷನ್‌ಗಳು ಸವೆತದ ಹರಡುವಿಕೆಯನ್ನು ನಿಧಾನಿಸುತ್ತವೆ, ಹೋದ ನೋಟವನ್ನು ಮರಳಿಸುವುದಿಲ್ಲ.

ಬೀಡಿ, ಸಿಗರೇಟು ಬಿಡುವುದು ಎರಡೂ ಬಗೆಯವರಿಗೆ ಅಗತ್ಯ. ಮನೆಯಲ್ಲಿ ಅಡ್ಡ, ಉದ್ದ ಗೆರೆಗಳಿರುವ ಆಮ್ಸ್ಲರ್ ಚೌಕಳಿಯನ್ನು ಒಂದೊಂದೇ ಕಣ್ಣಿನಿಂದ ನೋಡುವಾಗ ನೇರ ಗೆರೆ ಡೊಂಕಾಗಿ ಕಂಡರೆ ಅದು ಒದ್ದೆ ಬಗೆಯ ಮುನ್ಸೂಚನೆ ಇರಬಹುದು. ಕೂಡಲೇ ನೇತ್ರತಜ್ಞರನ್ನು ಕಾಣಬೇಕು.