ದದ್ದಿನಿಂದ ಗ್ರಾಹಕಕ್ಕೆ: ಹಿಸ್ಟಮೀನ್ ವಿಚಾರದ ಚರಿತ್ರೆ

ಇದ್ದಕ್ಕಿದ್ದಂತೆ ಮೈತುಂಬ ಎದ್ದು, ತುರಿಸಿ, ಕೆಲವು ಗಂಟೆಗಳಲ್ಲಿ ಗುರುತೂ ಉಳಿಯದಂತೆ ಅಡಗುವ ದದ್ದುಗಳನ್ನು ನಮ್ಮ ಜನ ಪಿತ್ತದ ಗಂಧೆಯೆಂದು ಕರೆಯುತ್ತ ಬಂದಿದ್ದಾರೆ. ಆಯುರ್ವೇದದ ರೋಗನಿದಾನ ಗ್ರಂಥವಾದ ಮಾಧವನಿದಾನವು ಇವನ್ನು ಶೀತಪಿತ್ತ, ಉದರ್ದ, ಕೋಠಗಳೆಂಬ ಹೆಸರುಗಳಿಂದ ಒಂದೇ ಅಧ್ಯಾಯದಲ್ಲಿ ವಿವರಿಸಿ, ತಣ್ಣನೆಯ ಗಾಳಿಯ ಸೋಂಕನ್ನು ಕಾರಣಗಳಲ್ಲೊಂದಾಗಿ ಎಣಿಸುತ್ತದೆ. ದದ್ದು ಪ್ರತ್ಯಕ್ಷ; ಅದರ ಕಾರಣವಾದರೋ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಅನುಮಾನದಿಂದಲೇ ಸಾಧ್ಯವಾಗಬೇಕಾದುದು. ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನವು ನಡೆದುದೂ ಈ ಹಾದಿಯಲ್ಲಿಯೇ.

ದದ್ದಿಗೆ ಕಾರಣವೆಂದು ಮುಂದೆ ಗೊತ್ತಾದ ಹಿಸ್ಟಮೀನ್ ಎಂಬ ದ್ರವ್ಯವನ್ನು 1907ರಲ್ಲಿ ವಿಂಡಾಸ್ ಮತ್ತು ಫೋಗ್ಟ್ ಎಂಬ ಜರ್ಮನ್ ರಸಾಯನಜ್ಞರು ಕೃತಕವಾಗಿ ತಯಾರಿಸಿದಾಗ, ಅದಕ್ಕೂ ಮಾನವದೇಹಕ್ಕೂ ಏನು ಸಂಬಂಧವೆಂಬುದನ್ನು ಯಾರೂ ಅರಿತಿರಲಿಲ್ಲ. 1910ರಲ್ಲಿ ಬಾರ್ಜರ್ ಮತ್ತು ಡೇಲ್ ಇದೇ ದ್ರವ್ಯವನ್ನು ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಶಿಲೀಂಧ್ರದಿಂದ ಬೇರ್ಪಡಿಸಿದರು. ಡೇಲ್ ಮತ್ತು ಲೇಡ್ಲಾ ಅದರ ಪ್ರಭಾವವನ್ನು ಪ್ರಾಣಿಗಳಲ್ಲಿ ಪರಿಶೀಲಿಸಿ, ರಕ್ತದೊತ್ತಡವು ಕುಸಿಯುವ ಆ ಪರಿಯು ಅನಾಫಿಲಾಕ್ಸಿಸ್ ಎಂಬ ಘೋರ ಆಘಾತವನ್ನು ಹೋಲುತ್ತದೆಯೆಂದು ಗುರುತಿಸಿದರು. ಅದು ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ಸಹಜವಾಗಿಯೇ ಇರುವುದೆಂಬುದು ಸಿದ್ಧಪಟ್ಟುದು 1927ರಲ್ಲಿ.

ಚರ್ಮದ ಮಟ್ಟಿಗೆ ಈ ಚರಿತ್ರೆಯ ನಾಯಕನು ಲಂಡನ್ನಿನ ವೈದ್ಯ ಸರ್ ಥಾಮಸ್ ಲೂಯಿಸ್. ಅವನ ಮುಖ್ಯ ಪ್ರಯೋಗವನ್ನು ಯಾರು ಬೇಕಾದರೂ ತಮ್ಮ ಮುಂಗೈಯ ಮೇಲೆ ಮಾಡಿ ನೋಡಬಹುದು. ಮೊಂಡಾದ ಕಡ್ಡಿಯಿಂದ ಒತ್ತಿ ಗೀರಿದರೆ, ಕೆಲವೇ ಕ್ಷಣಗಳಲ್ಲಿ ಗೀರಿನ ಗುಂಟ ಕೆಂಪು ಗೆರೆ ಮೂಡುತ್ತದೆ. ಗೀರು ಬಲವಾಗಿದ್ದರೆ ಸುತ್ತಲೂ ಅಂಚು ಒಡೆದ ಕೆಂಪು ಹರಡುತ್ತದೆ. ಸೂಕ್ಷ್ಮ ಚರ್ಮದವರಲ್ಲಿ ಕಡೆಗೆ ಗೆರೆಯೇ ಉಬ್ಬಿ ದದ್ದಾಗುತ್ತದೆ. ಚರ್ಮದ ನರವು ಕ್ಷಯಿಸಿದ್ದಲ್ಲಿ ಗೆರೆಯೂ ದದ್ದೂ ಕಾಣಿಸಿಕೊಂಡರೂ ಸುತ್ತಲ ಕೆಂಪು ಮಾತ್ರ ಹರಡದು. ಆದುದರಿಂದ ಅದು ನರತಂತುವಿನ ಕಾರ್ಯವೆಂದು ಲೂಯಿಸ್ ನಿರ್ಣಯಿಸಿದನು. ಹಿಸ್ಟಮೀನನ್ನು ಚರ್ಮಕ್ಕೆ ಚುಚ್ಚಿದಾಗಲೂ ಈ ಮೂರು ಲಕ್ಷಣಗಳೇ ಕ್ರಮವಾಗಿ ತೋರಿದವು. ಆದರೂ ಅವನು ಗಾಯಗೊಂಡ ಚರ್ಮದಿಂದ ಹೊರಬರುವ ದ್ರವ್ಯವನ್ನು ಹಿಸ್ಟಮೀನೆಂದು ಘೋಷಿಸದೆ ‘ಎಚ್-ದ್ರವ್ಯ’ವೆಂದಷ್ಟೇ ಕರೆದುದು ಸಂಶೋಧಕನಿಗೆ ತಕ್ಕ ಸಂಯಮ. ಆ ದ್ರವ್ಯದ ಕಣಜವು 1878ರಲ್ಲಿಯೇ ಎರ್ಲಿಕ್ ವರ್ಣಿಸಿದ್ದ ಮಾಸ್ಟ್ ಕೋಶವೆಂಬುದನ್ನು ರೈಲಿ ಮತ್ತು ವೆಸ್ಟ್ ತೋರಿಸಿಕೊಟ್ಟುದು 1953ರಲ್ಲಿ.

ಬೀಗಕ್ಕೆ ಕೈ ಕೂಡುವಂತೆ ಹಿಸ್ಟಮೀನು ಕೂಡಿಕೊಂಡು ಕೆಲಸಮಾಡುವ ಕೋಶದ ತಾಣವೇ ಗ್ರಾಹಕ; ಅದರ ಕಲ್ಪನೆಗೆ ಬಲ ಬಂದುದು ಔಷಧಿಗಳಿಂದ. ಅವುಗಳ ಸಾಫಲ್ಯದಿಂದ ಎಷ್ಟೋ, ವೈಫಲ್ಯದಿಂದಲೂ ಅಷ್ಟೇ. 1937ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಬೊವೆ ಮತ್ತು ಸ್ಟೌಬ್ ಮೊದಲ ಹಿಸ್ಟಮೀನ್‌ರೋಧಕವನ್ನು ಕಂಡುಹಿಡಿದರು. ಈ ವರ್ಗದ ಔಷಧಿಗಳು ದದ್ದನ್ನೂ ತುರಿಕೆಯನ್ನೂ ತಗ್ಗಿಸಿದರೂ ಜಠರದ ಆಮ್ಲಸ್ರಾವವನ್ನು ತಡೆಯಲಾರದೆ ಹೋದವು. ಒಂದೇ ಬೀಗದ ಕೈ ಎರಡು ಬಗೆಯ ಬೀಗಗಳನ್ನು ತೆರೆಯುತ್ತಿರಬೇಕೆಂಬ ಊಹೆ ಇಲ್ಲಿ ಹುಟ್ಟಿತು. 1966ರಲ್ಲಿ ಆಶ್ ಮತ್ತು ಶಿಲ್ಡ್ ಮೊದಲ ಬೀಗಕ್ಕೆ ಎಚ್1 ಎಂದು ಹೆಸರಿಟ್ಟರು. 1972ರಲ್ಲಿ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು ಎರಡನೆಯದಾದ ಎಚ್2 ಇರುವುದನ್ನು ಸಾಧಿಸಿ ತೋರಿಸಿದರು. ಎಚ್3, ಎಚ್4 ಗ್ರಾಹಕಗಳು ಅನಂತರ ಸೇರಿದವು.

ಇಂದಿನ ತಿಳಿವಿನಂತೆ, ಚರ್ಮದ ಕಿರುಸಿರೆಗಳ ಒಳಪದರದ ಕೋಶಗಳಲ್ಲಿರುವ ಎಚ್1 ಪ್ರಚೋದಿತವಾದಾಗ ಆ ಕೋಶಗಳು ಸಂಕುಚಿಸಿ, ಅವುಗಳ ನಡುವಣ ಸಂದಿನಿಂದ ರಕ್ತರಸವು ಜಿನುಗಿ ದದ್ದಾಗುತ್ತದೆ. ಸೂಕ್ಷ್ಮ ನರತಂತುಗಳಲ್ಲಿರುವ ಎಚ್1 ತುರಿಕೆಗೂ ಸುತ್ತಲ ಕೆಂಪಿಗೂ ಕಾರಣ. ರಕ್ತನಾಳಗಳು ಹಿಗ್ಗುವುದರಲ್ಲಿ ಎಚ್2ಗೂ ಪಾಲುಂಟು. ಅಟೋಪಿಕ್ ಇಸುಬಿನ ತುರಿಕೆಯು ಎಚ್1 ರೋಧಕಗಳಿಗೆ ಅಷ್ಟಾಗಿ ಬಗ್ಗದಿರುವುದರಿಂದ, ತುರಿಕೆಯೆಲ್ಲವೂ ಹಿಸ್ಟಮೀನಿನದೇ ಎಂಬ ಮಾತು ನಿಲ್ಲುವುದಿಲ್ಲ.

ಮಾನವನ ಎಚ್1 ಗ್ರಾಹಕದ ಸ್ಫಟಿಕರಚನೆಯು ಬೆಳಕಿಗೆ ಬಂದುದು 2011ರಲ್ಲಿ. ಅನುಮಾನದಿಂದ ಸಿದ್ಧವಾದ ವಸ್ತುವು ಪ್ರತ್ಯಕ್ಷವಾಗಲು, ಹೆಸರಿಟ್ಟ ಮೇಲೂ 45 ವರ್ಷಗಳು ಬೇಕಾದವು.