ಬ್ರೌಸರ್: ಆರಿಸಿದವರು ಯಾರು?

2010ರ ಮಾರ್ಚ್ ತಿಂಗಳಲ್ಲಿ ಯುರೋಪಿನ ವಿಂಡೋಸ್ ಗಣಕಯಂತ್ರಗಳ ಪರದೆಯ ಮೇಲೆ ಒಂದು ಮತಪತ್ರ ಮೂಡತೊಡಗಿತು. ಅದರಲ್ಲಿದ್ದ ಅಭ್ಯರ್ಥಿಗಳು 12. ಇಂಟರ್‌ನೆಟ್ ಎಕ್ಸ್‌ಪ್ಲೋರರ್, ಫೈರ್‌ಫಾಕ್ಸ್, ಕ್ರೋಮ್, ಸಫಾರಿ, ಒಪೆರಾ ಮುಂದಿನ ಸಾಲಿನಲ್ಲಿ. ಉಳಿದ ಏಳು, ಪಕ್ಕಕ್ಕೆ ಸರಿಸಿ ನೋಡಿದರಷ್ಟೇ ಕಾಣುವಂತೆ ಹಿಂದೆ. ಯಾರಿಗೂ ಮೊದಲ ಸ್ಥಾನದ ಲಾಭ ಸಿಗದಿರಲೆಂದು ಮುಂದಿನ ಸಾಲಿನ ಹೆಸರುಗಳ ಕ್ರಮ ಬದಲಾಗುತ್ತಿತ್ತು. ಈ ಮತಪತ್ರವನ್ನು ಹಾಕಿಸಿದ್ದು ಯುರೋಪಿಯನ್ ಒಕ್ಕೂಟದ ಆಯೋಗ.

ಅಂಗಡಿಯಲ್ಲಿ ಸಾಬೂನು ಕೊಳ್ಳುವವರಿಗೆ ಸರ್ಕಾರ ಹೀಗೆ ಮತಪತ್ರ ಕೊಡುವುದಿಲ್ಲ. ಅಂತರಜಾಲದ ಪುಟಗಳನ್ನು ತಂದು ಪರದೆಯ ಮೇಲೆ ತೋರಿಸುವ ಒಂದು ತಂತ್ರಾಂಶಕ್ಕೆ ಅದೇಕೆ ಬೇಕಾಯಿತು? ಉತ್ತರ ಬ್ರೌಸರುಗಳ ಚರಿತ್ರೆಯಲ್ಲಿದೆ. ಜನ ತಾವಾಗಿ ಬ್ರೌಸರ್ ಆರಿಸಿದ್ದಕ್ಕಿಂತ, ಕಣ್ಣೆದುರಿಗೆ ಇಟ್ಟದ್ದನ್ನು ಒಪ್ಪಿಕೊಂಡದ್ದೇ ಹೆಚ್ಚು.

ಚಿತ್ರ ಬಂದ ಕಾಲ

ಮೊದಲ ಬ್ರೌಸರನ್ನು 1990ರ ಕೊನೆಯಲ್ಲಿ ರಚಿಸಿದವರು ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ. ಅದರಲ್ಲಿ ಪುಟಗಳನ್ನು ಓದಲೂಬಹುದಿತ್ತು, ಬರೆಯಲೂಬಹುದಿತ್ತು. ಆದರೆ ನೆಕ್ಸ್ಟ್ ಎಂಬ ದುಬಾರಿ ಯಂತ್ರದಲ್ಲಿ ಮಾತ್ರ ಅದು ನಡೆಯುತ್ತಿತ್ತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ರೂಪಿಸಿದ ಮೊಸಾಯಿಕ್, ಅಕ್ಷರಗಳ ನಡುವೆಯೇ ಚಿತ್ರಗಳನ್ನೂ ತೋರಿಸಿ ಜನಸಾಮಾನ್ಯರನ್ನು ಸೆಳೆಯಿತು. ಮರುವರ್ಷ ಆಂಡ್ರೀಸನ್, ಉದ್ಯಮಿ ಜಿಮ್ ಕ್ಲಾರ್ಕ್ ಜೊತೆ ಸೇರಿ ನೆಟ್‌ಸ್ಕೇಪ್ ಕಂಪೆನಿ ಕಟ್ಟಿದರು. 1995ರ ಆಗಸ್ಟ್ 9ರಂದು ಅದು ಷೇರುಪೇಟೆಗೆ ಬಂದಾಗ, 28 ಡಾಲರಿನ ಷೇರು ದಿನದ ಕೊನೆಗೆ 58 ಡಾಲರು ದಾಟಿತ್ತು.

ಅದಾದ ಆರನೆಯ ದಿನ, ಸ್ವಾತಂತ್ರ್ಯ ದಿನದಂದು, ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ಟಿನ ಬಾಗಿಲು ತೆರೆಯಿತು. ಅಗ್ಗದ ಸಂಪರ್ಕ ಪಡೆದವರಿಗೆ ದಕ್ಕಿದ್ದು ಲಿಂಕ್ಸ್‌ನಂಥ, ಬರೀ ಅಕ್ಷರ ತೋರಿಸುವ ಬ್ರೌಸರ್; ಚಿತ್ರ ಬೇಕೆಂದವರು ಹೆಚ್ಚು ತೆರಬೇಕಿತ್ತು. ಇಲ್ಲಿ ಬ್ರೌಸರನ್ನು ಆರಿಸಿದ್ದು ಜೇಬು.

ಪೆಟ್ಟಿಗೆಯೊಳಗಿನ ಉಡುಗೊರೆ

ಅದೇ ತಿಂಗಳು ಮೈಕ್ರೋಸಾಫ್ಟ್ ಕಂಪೆನಿ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ಹೊರತಂದಿತು. ಮುಂದೆ ಅದು ವಿಂಡೋಸ್ ಜೊತೆಗೆ ಪುಕ್ಕಟೆಯಾಗಿ ಬರತೊಡಗಿತು. ಮನೆಗೆ ಬಂದ ಗಣಕದಲ್ಲೇ ಒಂದು ಬ್ರೌಸರ್ ಇರುವಾಗ, ಆಮೆವೇಗದ ದೂರವಾಣಿ ತಂತಿಯಲ್ಲಿ ಇನ್ನೊಂದನ್ನು ಇಳಿಸಿಕೊಳ್ಳಲು ಗಂಟೆಗಟ್ಟಲೆ ಕಾಯುವವರೆಷ್ಟು ಮಂದಿ? 1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿತು. ಮೈಕ್ರೋಸಾಫ್ಟನ್ನು ಎರಡಾಗಿ ಒಡೆಯಬೇಕೆಂಬ ಕೆಳ ನ್ಯಾಯಾಲಯದ ಆದೇಶವನ್ನು 2001ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಆದರೆ ಏಕಸ್ವಾಮ್ಯ ಕಾಯ್ದುಕೊಳ್ಳಲು ಕಂಪೆನಿ ಕಾನೂನು ಮೀರಿದೆ ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ನೆಲಕಚ್ಚಿತ್ತು.

ಗೆದ್ದವರು ಮಾಡಿದ್ದೇನು? ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ಬಂದದ್ದು 2001ರಲ್ಲಿ, ಏಳನೆಯದು 2006ರಲ್ಲಿ. ಎದುರಾಳಿ ಇಲ್ಲದ ಕಣದಲ್ಲಿ ಐದು ವರ್ಷಗಳ ನಿದ್ದೆ!

ಒತ್ತಕ್ಷರದ ಪರೀಕ್ಷೆ

ಈ ಜಗಳದ ಬಿಸಿ ಕನ್ನಡಕ್ಕೂ ತಟ್ಟಿತು. ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತಾದರೂ, ಅದನ್ನು ಸರಿಯಾಗಿ ಮೂಡಿಸುವ ಶಕ್ತಿ ಗಣಕಗಳಿಗಿರಲಿಲ್ಲ. ಕನ್ನಡ ಜಾಲತಾಣಗಳು ತಮ್ಮತಮ್ಮದೇ ಅಕ್ಷರವಿನ್ಯಾಸಗಳನ್ನು ಬಳಸುತ್ತಿದ್ದವು. ಪುಟದ ಜೊತೆಗೆ ಅಕ್ಷರವನ್ನೂ ಕಳುಹಿಸುವ ಉಪಾಯ ಬಂದಿತಾದರೂ, ಎಕ್ಸ್‌ಪ್ಲೋರರಿಗೆ ಒಂದು ಬಗೆ, ನೆಟ್‌ಸ್ಕೇಪಿಗೆ ಇನ್ನೊಂದು. ಒಂದರಲ್ಲಿ ಕನ್ನಡವಾಗಿ ಕಂಡ ಪುಟ ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಬಹುದಿತ್ತು.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸ ಬಂದ ಮೇಲೆ ಗಣಕದಲ್ಲಿ ಪರಿಸ್ಥಿತಿ ಸುಧಾರಿಸಿತು. ಮುಂದೆ ಮೊಬೈಲಿನಲ್ಲಿ ಅದೇ ಪಾಡು. ಆಗ ನೆರವಾದದ್ದು ನಾರ್ವೆಯ ಒಪೆರಾ ಮಿನಿ. ಅಕ್ಷರಗಳನ್ನು ಚಿತ್ರಗಳಾಗಿ ಮಾರ್ಪಡಿಸಿ ಕಳುಹಿಸುವ ಸೌಲಭ್ಯ ಅದರಲ್ಲಿತ್ತು. ಒತ್ತಕ್ಷರ ಸರಿಯಾಗಿ ಕಾಣುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳಿ ಬ್ರೌಸರ್ ಆರಿಸಿಕೊಂಡವರಿಗೆ ಅದೇ ಉತ್ತರವಾಯಿತು. ಇಡೀ ಚರಿತ್ರೆಯಲ್ಲಿ ಇದೊಂದು ನಿಜವಾದ ಆಯ್ಕೆ.

ಹೆಸರು ಹಲವು, ಎಂಜಿನ್ ಮೂರು

ಸೋಲುವ ಹೊತ್ತಿನಲ್ಲಿ, 1998ರಲ್ಲಿ, ನೆಟ್‌ಸ್ಕೇಪ್ ತನ್ನ ತಂತ್ರಾಂಶದ ಮೂಲವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಬೇರಿನಿಂದ ಚಿಗುರಿದ್ದು 2004ರ ಫೈರ್‌ಫಾಕ್ಸ್. 2008ರಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್ ಬಂತು. ಒಂದು ಪುಟ ಕೆಟ್ಟು ನಿಂತರೂ ಉಳಿದವು ನಡೆಯುವಂತೆ ಅದರ ರಚನೆಯಿತ್ತು, ವೇಗವೂ ಇತ್ತು. ಆದರೆ ಅದರ ಏಳಿಗೆಗೆ ಗುಣವೊಂದೇ ಕಾರಣವಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಅದು ಮೊದಲೇ ಕೂತು ಬಂತು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ ಹೊರಿಸಿದ ಆರೋಪಗಳಲ್ಲಿ ಕ್ರೋಮ್ ವಿಚಾರವೂ ಒಂದು. ಪಾತ್ರಧಾರಿ ಬದಲಾದ, ಪ್ರಸಂಗ ಹಳೆಯದೇ.

ಇಂದು ಹೆಸರುಗಳು ಹತ್ತಾರು. ಪುಟವನ್ನು ರೂಪಿಸಿ ತೋರಿಸುವ ಒಳಗಿನ ಎಂಜಿನ್‌ಗಳಲ್ಲಿ ಮುಖ್ಯವಾದವು ಮೂರೇ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಇವುಗಳಲ್ಲಿರುವುದು ಗೂಗಲ್‌ನ ಬ್ಲಿಂಕ್, ಸಫಾರಿಯಲ್ಲಿ ಆಪಲ್‌ನ ವೆಬ್‌ಕಿಟ್, ಫೈರ್‌ಫಾಕ್ಸ್‌ನಲ್ಲಿ ಗೆಕೋ. ಎಕ್ಸ್‌ಪ್ಲೋರರ್ ಕಟ್ಟಿದ ಮೈಕ್ರೋಸಾಫ್ಟೇ 2020ರಲ್ಲಿ ಎಡ್ಜ್‌ಗೆ ಗೂಗಲ್‌ನ ಎಂಜಿನ್ ಜೋಡಿಸಿತು. ಕೇಂದ್ರ ಸರ್ಕಾರದ ಸ್ವದೇಶಿ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಗೆದ್ದ ಜೋಹೊ ಕಂಪೆನಿಯ ಉಲಾ ಕೂಡ ಅದೇ ಬುನಾದಿಯ ಮೇಲೆ ನಿಂತಿದೆ.

ಆರಿಸುವ ಬಗೆ

ಹೀಗಿರುವಾಗ ಸಾಮಾನ್ಯ ಬಳಕೆದಾರ ನೋಡಬೇಕಾದದ್ದು ವೇಗಕ್ಕಿಂತ ಮಿಗಿಲಾದ ಸಂಗತಿಗಳನ್ನು. ಎಂಜಿನ್ ಒಂದೇ ಆದ ಮೇಲೆ ವೇಗದಲ್ಲಿ ಹೇಳಿಕೊಳ್ಳುವ ಅಂತರವಿರದು. ತಯಾರಕರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ಮೊದಲ ಪ್ರಶ್ನೆ. ಗೂಗಲ್ ಬದುಕುವುದು ಜಾಹೀರಾತಿನಿಂದ. ಬಳಕೆದಾರರ ಬೆನ್ನು ಹತ್ತುವ ಜಾಹೀರಾತು ಕುರುಹುಗಳಿಗೆ ಸಫಾರಿ, ಫೈರ್‌ಫಾಕ್ಸ್ ಮತ್ತು ಬ್ರೇವ್ ತಾವಾಗಿಯೇ ಕಡಿವಾಣ ಹಾಕುತ್ತವೆ. ಕ್ರೋಮ್‌ನಲ್ಲಿ ಬಹುಪಾಲು ಬಳಕೆದಾರರೇ ಹುಡುಕಿ ಹಾಕಿಕೊಳ್ಳಬೇಕು. ಹಾಗೆಂದು ಇವೂ ಪೂರ್ತಿ ಸ್ವತಂತ್ರವಲ್ಲ: ಫೈರ್‌ಫಾಕ್ಸ್‌ನ ಆದಾಯದ ಬಹುಭಾಗ ಬರುವುದು ಗೂಗಲ್ ಶೋಧಕ್ಕೆ ಜಾಗ ಕೊಟ್ಟದ್ದಕ್ಕೆ.

ಎರಡನೆಯದು ಯಂತ್ರ. ಆಪಲ್ ಲ್ಯಾಪ್‌ಟಾಪಿನ ಬ್ಯಾಟರಿಗೆ ಸಫಾರಿ ಹಿತ. ಮೂರನೆಯದು ಕೆಲಸ. ಕಚೇರಿಯ ಇಲ್ಲವೆ ಸರ್ಕಾರದ ಕೆಲವು ತಾಣಗಳು ಕ್ರೋಮ್ ಇಲ್ಲವೆ ಎಡ್ಜ್‌ನಲ್ಲಷ್ಟೇ ಸರಿಯಾಗಿ ನಡೆದಾವು. ಬ್ಯಾಂಕಿನ ವ್ಯವಹಾರಕ್ಕೆ ಒಂದು, ಓದಿಗೆ ಇನ್ನೊಂದು ಎಂದು ಬೇರೆಬೇರೆ ಎಂಜಿನ್‌ನ ಎರಡು ಬ್ರೌಸರುಗಳನ್ನು ಇಟ್ಟುಕೊಂಡರೆ ನಷ್ಟವೇನಿಲ್ಲ. ಯಾವುದೇ ಇರಲಿ, ಕಾಲಕಾಲಕ್ಕೆ ಹೊಸ ಆವೃತ್ತಿ ಹಾಕಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ.

ಯುರೋಪಿನ ಆ ಮತಪತ್ರದ ಕಥೆ ಮುಗಿದದ್ದು ಹೀಗೆ: 2011ರ ಮೇ ತಿಂಗಳಿನಿಂದ 14 ತಿಂಗಳ ಕಾಲ, ಸುಮಾರು ಒಂದೂವರೆ ಕೋಟಿ ಬಳಕೆದಾರರ ಪರದೆಯಲ್ಲಿ ಅದು ಮೂಡಲೇ ಇಲ್ಲ. ತಾಂತ್ರಿಕ ದೋಷ ಎಂದಿತು ಮೈಕ್ರೋಸಾಫ್ಟ್. 2013ರಲ್ಲಿ ಆಯೋಗ 56.1 ಕೋಟಿ ಯೂರೋ ದಂಡ ಹಾಕಿತು. ಆದರೆ ಅಷ್ಟು ತಿಂಗಳು ಮತಪತ್ರ ಕಾಣೆಯಾಗಿದ್ದರೂ ಆಯೋಗದ ಕಣ್ಣಿಗೆ ಅದು ಬಿದ್ದಿರಲಿಲ್ಲ. ಭಾರತದ ಫೋನುಗಳಲ್ಲೂ ಡೀಫಾಲ್ಟ್ ಬ್ರೌಸರ್ ಎಂಬ ಪುಟ್ಟ ಮತಪತ್ರ ಸೆಟ್ಟಿಂಗ್ಸ್‌ನಲ್ಲಿ ಅಡಗಿ ಕೂತಿದೆ. ಅದನ್ನು ತೆರೆದು ನೋಡುವ ಕೆಲಸ ಮಾತ್ರ ಬಳಕೆದಾರರದೇ.