ಹಳೆಯ ಕೀಲಿಮಣೆಯೂ ಹೊಸ ಟ್ಯಾಬ್ಲೆಟ್ಟೂ



ಎರಡು ತಿಂಗಳಿಂದ ನಾನು ಏನನ್ನೂ ಬರೆಯಲಿಲ್ಲವೆಂದು ಹಳೆಯ ವಿದ್ಯಾರ್ಥಿಗಳು ಕೆಲವರು ವಿಚಾರಿಸಿದ್ದಾರೆ. ಆರೋಗ್ಯ ಕೆಟ್ಟಿತೇ ಎಂದು ದೂರದ ಊರುಗಳಿಂದ ಫೋನು ಮಾಡಿದವರೂ ಉಂಟು. ಆರೋಗ್ಯ ಈ ವಯಸ್ಸಿಗೆ ತಕ್ಕಂತೆ ಇದೆ. ನಿಂತುಹೋದದ್ದು ನನ್ನ ಬರವಣಿಗೆ ಮಾತ್ರ, ಅದಕ್ಕೆ ಕಾರಣವಾದದ್ದು ಒಂದು ಕೀಲಿಮಣೆ.

ಬಲಗೈ ಬೆರಳುಗಳಿಗೆ ನಡುಕ ಬಂದು ನಾಲ್ಕು ವರ್ಷಗಳಾದವು. ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಮೂಡುವ ಅಕ್ಷರಗಳನ್ನು ಮುಟ್ಟಿ ಬರೆಯುವುದು ನನ್ನಿಂದಾಗದು. ಬೆರಳು ಒಂದನ್ನು ಮುಟ್ಟಹೋಗಿ ಪಕ್ಕದ ಇನ್ನೊಂದನ್ನು ಮುಟ್ಟುತ್ತದೆ. ಒತ್ತಿದರೆ ಒಳಗೆ ಇಳಿಯುವ, ಬಿಟ್ಟರೆ ಮೇಲೇಳುವ ನಿಜವಾದ ಕೀಲಿಗಳಿದ್ದರೆ ಬೆರಳು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. 2018ರಲ್ಲಿ ಮಗ ಟ್ಯಾಬ್ಲೆಟ್ ಕೊಡಿಸಿದಾಗ ಅದಕ್ಕೆ ಅಂಟಿಕೊಳ್ಳುವ ಕೀಲಿಮಣೆಯನ್ನೂ ಕೊಡಿಸಿದ್ದ. ಹೊದಿಕೆಯೂ ಅದೇ, ಕೀಲಿಮಣೆಯೂ ಅದೇ. ನಮ್ಮೂರ ಶಾಲೆಯ ಇತಿಹಾಸವನ್ನು ಅದರಲ್ಲಿಯೇ ಬರೆಯುತ್ತ ಅರ್ಧದಷ್ಟು ಮುಗಿಸಿದ್ದೆ.

ಈ ವರ್ಷ ಹಳೆಯ ಟ್ಯಾಬ್ಲೆಟ್ಟು ಕಣ್ಣು ಮುಚ್ಚಿತು. ಮೊಮ್ಮಗಳು ತನ್ನ ಸಂಬಳದಲ್ಲಿ ಹೊಸದನ್ನು ತಂದಳು. ಅದೇ ಕಂಪನಿಯದು, ಅಳತೆಯೂ ಮೇಲುನೋಟಕ್ಕೆ ಅಷ್ಟೇ. "ಕೀಬೋರ್ಡ್ ನಿಮ್ಮ ಹತ್ತಿರ ಇದೆಯಲ್ಲ ತಾತ, ಅದೇ ಆಗುತ್ತೆ" ಎಂದಳು. ಆಗಲಿಲ್ಲ. ಅಯಸ್ಕಾಂತ ಹಿಡಿಯಲಿಲ್ಲ, ಬಿಂದುಗಳು ಎದುರುಬದುರಾಗಲಿಲ್ಲ. ಹೊಸ ಕೀಲಿಮಣೆಯ ಬೆಲೆಯನ್ನು ಕೇಳಿ, ಅದು ನನ್ನ ಪಿಂಚಣಿಯ ಎಷ್ಟು ಪಾಲೆಂದು ಲೆಕ್ಕ ಹಾಕಿ, ಆ ಹುಡುಗಿಯ ಮೇಲೆ ರೇಗಿದೆ. ಅವಳ ಮುಖ ಸಣ್ಣದಾಯಿತು. ಅಕ್ಕರೆಯಿಂದ ತಂದವಳ ಮೇಲೆ ರೇಗಬಾರದಿತ್ತು. ಆ ಸಂಕಟದಲ್ಲಿಯೇ ಈ ವಿಷಯದ ಹಿಂದುಮುಂದನ್ನು ಓದಲು ಕುಳಿತೆ. ಜೀವನವೆಲ್ಲ ಚರಿತ್ರೆ ಪಾಠ ಮಾಡಿದವನಿಗೆ ಕೋಪ ಬಂದರೂ ಇಸವಿಗಳೇ ನೆನಪಾಗುತ್ತವೆ.

ಟ್ಯಾಬ್ಲೆಟ್ಟಿಗಿಂತ ಹಿಂದಿನ ಕಥೆಯಿಂದ ಆರಂಭಿಸಿದರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಐಬಿಎಂ ಕಂಪನಿಯ ಮೊದಲ ಪರ್ಸನಲ್ ಕಂಪ್ಯೂಟರು 1981ರಲ್ಲಿ ಬಂದಿತು. ಅದರ ಕೀಲಿಮಣೆಯ ತಂತಿಯ ತುದಿಯಲ್ಲಿ ಐದು ಪಿನ್ನುಗಳ ದುಂಡನೆಯ ಪ್ಲಗ್ಗು. 1984ರಲ್ಲಿ ಅದೇ ಕಂಪನಿ 'ಎಟಿ' ಎಂಬ ಹೊಸ ಮಾದರಿಯನ್ನು ತಂದಿತು. ಪ್ಲಗ್ಗು ಅದೇ ಐದು ಪಿನ್ನಿನದು. ಹಳೆಯ ಕೀಲಿಮಣೆಯನ್ನು ಹೊಸ ಯಂತ್ರಕ್ಕೆ ಚುಚ್ಚಿದರೆ ಸಲೀಸಾಗಿ ಕೂಡುತ್ತಿತ್ತು, ಆದರೆ ಕೆಲಸ ಮಾತ್ರ ಮಾಡುತ್ತಿರಲಿಲ್ಲ! ಕೀಲಿ ಒತ್ತಿದಾಗ ಒಳಗೆ ಹೋಗುವ ಸಂಕೇತಗಳ ರೀತಿಯನ್ನೇ ಬದಲಾಯಿಸಿದ್ದರು. ಬೇರೆ ತಯಾರಕರು ಇದಕ್ಕೊಂದು ಉಪಾಯ ಹೂಡಿ, ಕೀಲಿಮಣೆಯ ಹೊಟ್ಟೆಯ ಕೆಳಗೆ ಸಣ್ಣ ಸ್ವಿಚ್ಚೊಂದನ್ನು ಇಟ್ಟರು. ಅತ್ತ ಸರಿಸಿದರೆ ಹಳೆಯ ಭಾಷೆ, ಇತ್ತ ಸರಿಸಿದರೆ ಹೊಸ ಭಾಷೆ. 1987ರಲ್ಲಿ ಐಬಿಎಂನವರೇ 'ಪಿಎಸ್/2' ಯಂತ್ರಗಳಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದರು. ಪ್ಲಗ್ಗು ಚಿಕ್ಕದಾಗಿ ಆರು ಪಿನ್ನಿನದಾಯಿತು, ಒಳಗಿನ ಭಾಷೆ ಎಟಿಯದೇ ಉಳಿಯಿತು. ಈಗ ಹಳೆಯದು ಕೂಡುತ್ತಿರಲಿಲ್ಲ, ಆದರೆ ಹೆಬ್ಬೆರಳಿನಷ್ಟು ದೊಡ್ಡ ಜೋಡಣೆಯೊಂದನ್ನು ನಡುವೆ ಇಟ್ಟರೆ ಸೊಗಸಾಗಿ ಕೆಲಸ ಮಾಡುತ್ತಿತ್ತು.

ಈ ಎರಡು ಪ್ರಸಂಗಗಳಲ್ಲಿಯೇ ಇಡೀ ವಿಷಯದ ಬೀಜವಿದೆ. ಕೀಲಿಮಣೆಗೂ ಯಂತ್ರಕ್ಕೂ ಕೂಟ ಆಗಬೇಕಾದರೆ ಎರಡು ಹೊಂದಬೇಕು: ಸಂಪರ್ಕದ ಕೊಂಡಿ ಮತ್ತು ಸಂಕೇತದ ಭಾಷೆ. ಟ್ಯಾಬ್ಲೆಟ್ಟುಗಳು ಬಂದಮೇಲೆ ಮೂರನೆಯದೊಂದು ಸೇರಿಕೊಂಡಿತು, ಅದು ಆಕಾರ. ಮೇಜಿನ ಮೇಲಿನ ಕಂಪ್ಯೂಟರಿಗೆ ಕೀಲಿಮಣೆ ಎಷ್ಟು ಉದ್ದವಿದ್ದರೇನು? ಟ್ಯಾಬ್ಲೆಟ್ಟಿನ ಕೀಲಿಮಣೆಯಾದರೋ ಅದರ ಅಂಗಿಯೂ ಆಗಬೇಕು, ಊರುಗೋಲೂ ಆಗಬೇಕು.

ಆಪಲ್ ಕಂಪನಿಯ ಐಪ್ಯಾಡ್ 2010ರ ಏಪ್ರಿಲಿನಲ್ಲಿ ಮಾರಾಟಕ್ಕೆ ಬಂದಿತು. ಜೊತೆಯಲ್ಲಿಯೇ ಒಂದು ಕೀಲಿಮಣೆಯ ಪೀಠವೂ ಬಂದಿತು. ಮೂವತ್ತು ಪಿನ್ನುಗಳ ಕೊಂಡಿಯ ಮೇಲೆ ಐಪ್ಯಾಡನ್ನು ನೆಟ್ಟಗೆ ನಿಲ್ಲಿಸಬೇಕು, ಅಡ್ಡವಾಗಿ ಇಡುವಂತಿರಲಿಲ್ಲ. ಮರುವರ್ಷವೇ ಬಂದ ಐಪ್ಯಾಡ್ 2, ಮೊದಲನೆಯದರ 13.4 ಮಿಲಿಮೀಟರ್ ದಪ್ಪದಿಂದ 8.8ಕ್ಕೆ ಇಳಿಯಿತು. ಕೊಂಡಿ ಅದೇ ಆದರೂ ಪೀಠ ಹಳೆಯ ದಪ್ಪಕ್ಕೆಂದು ಮಾಡಿದ್ದು. 2012ರ ಕೊನೆಯಲ್ಲಿ ಕೊಂಡಿಯೂ ಬದಲಾಗಿ 'ಲೈಟ್ನಿಂಗ್' ಬಂದಮೇಲೆ ಆ ಪೀಠದ ಕಾಲ ಮುಗಿಯಿತು.

ನಿಜವಾದ ಕಥೆ ಆರಂಭವಾಗುವುದು 2015ರಲ್ಲಿ. ಆ ವರ್ಷದ ಐಪ್ಯಾಡ್ ಪ್ರೊ ಮಾದರಿಯ ಅಂಚಿನಲ್ಲಿ ಮೂರು ಸಣ್ಣ ಚುಕ್ಕೆಗಳಿದ್ದುವು. 'ಸ್ಮಾರ್ಟ್ ಕನೆಕ್ಟರ್' ಎಂದು ಹೆಸರು. ಕೀಲಿಮಣೆಗೆ ವಿದ್ಯುತ್ತೂ ಅಲ್ಲಿಂದಲೇ, ಸಂಕೇತಗಳ ಓಡಾಟವೂ ಅಲ್ಲಿಯೇ. ಬ್ಯಾಟರಿ ಬೇಡ, ತಂತಿ ಬೇಡ. ಆದರೆ ಚುಕ್ಕೆಗಳು ಎಲ್ಲಿವೆ ಎಂಬುದರ ಮೇಲೆ ಎಲ್ಲವೂ ನಿಂತಿತು. 2017ರಲ್ಲಿ 10.5 ಅಂಗುಲದ ಐಪ್ಯಾಡ್ ಪ್ರೊಗೆಂದು ಮಾಡಿದ ಕೀಲಿಮಣೆಯ ಭಾಗ್ಯ ದೊಡ್ಡದು. 2019ರ ಐಪ್ಯಾಡ್ ಏರ್‌ಗೂ, ಅದೇ ವರ್ಷದ ಏಳನೆಯ ತಲೆಮಾರಿನ ಸಾಮಾನ್ಯ ಐಪ್ಯಾಡಿಗೂ, 2020 ಮತ್ತು 2021ರಲ್ಲಿ ಬಂದ ಎಂಟನೆಯ ಮತ್ತು ಒಂಬತ್ತನೆಯ ತಲೆಮಾರುಗಳಿಗೂ ಅದು ಸರಿಹೋಯಿತು. ಅಣ್ಣನ ಅಂಗಿ ತಮ್ಮಂದಿರಿಗೆಲ್ಲ ಆದಂತೆ. 2018ರ ಹೊಸ ಪ್ರೊ ಮಾದರಿಗಳಲ್ಲಿ ಮಾತ್ರ ಚುಕ್ಕೆಗಳನ್ನು ಅಂಚಿನಿಂದ ಎತ್ತಿ ಬೆನ್ನಿಗೆ ಇಟ್ಟರು. ಅಲ್ಲಿಗೆ ಹಿಂದಿನ ಪ್ರೊ ಕೀಲಿಮಣೆಗಳಾವುವೂ ಇವಕ್ಕೆ ಆಗದಾದುವು.

ಬೆನ್ನಿನ ಚುಕ್ಕೆಗಳ ಈ ವಂಶದಲ್ಲಿ 2020ರ 'ಮ್ಯಾಜಿಕ್ ಕೀಬೋರ್ಡ್' ಮುಖ್ಯವಾದದ್ದು. ಅದು ಹಿಂದಕ್ಕೂ ಹೊಂದಿತು, ಮುಂದಕ್ಕೂ ಹೊಂದಿತು. ಹನ್ನೊಂದು ಅಂಗುಲದ್ದನ್ನು 2018ರ ಪ್ರೊಗೂ ಹಾಕಬಹುದು, 2020ರ ಏರ್‌ಗೂ ಹಾಕಬಹುದು, 2025ರ ಏರ್‌ಗೂ ಹಾಕಬಹುದು. ದೊಡ್ಡ ಅಳತೆಯದರಲ್ಲಿ ಒಂದು ಸ್ವಾರಸ್ಯವಿದೆ. 2021ರ 12.9 ಅಂಗುಲದ ಪ್ರೊ ಹಿಂದಿನದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪವಾಯಿತು. ಹಳೆಯ ಕೀಲಿಮಣೆ ಕೆಲಸ ಮಾಡುತ್ತದೆ, ಆದರೆ ಮುಚ್ಚಿದಾಗ ಕರಾರುವಾಕ್ಕಾಗಿ ಕೂಡದೆ ಇರಬಹುದು, ಪರದೆಗೆ ರಕ್ಷಣೆಯ ಹಾಳೆ ಅಂಟಿಸಿದ್ದರಂತೂ ಇನ್ನೂ ಹೆಚ್ಚು ಎಂದು ಕಂಪನಿಯೇ ಹೇಳಬೇಕಾಯಿತು. ಅರ್ಧ ಮಿಲಿಮೀಟರ್ ಎಂದರೆ ನಾಲ್ಕೈದು ಹಾಳೆ ಕಾಗದದ ದಪ್ಪ!

ಮೊಮ್ಮಗಳು ಬಿದ್ದಂಥ ಹಳ್ಳ ಇದಾದ ಮೇಲೆ ಬರುತ್ತದೆ. 2022ರ ಹತ್ತನೆಯ ತಲೆಮಾರಿನ ಐಪ್ಯಾಡು ಅಳತೆಯಲ್ಲಿ ಏರ್‌ನ ಅವಳಿಯಂತೆಯೇ ಇದೆ. ಆದರೆ ಅದರ ಚುಕ್ಕೆಗಳು ಬೆನ್ನಿನಲ್ಲಿಲ್ಲ, ಮರಳಿ ಅಂಚಿಗೆ ಬಂದಿವೆ. ಆದುದರಿಂದ ಏರ್‌ನ ಕೀಲಿಮಣೆ ಅದಕ್ಕೆ ಆಗದು, ಅದರದು ಏರ್‌ಗೆ ಆಗದು. 2024ರ ಮೇ ತಿಂಗಳಲ್ಲಿ ಎರಡು ದಾರಿಗಳು ಒಟ್ಟಿಗೇ ಕವಲೊಡೆದುವು. 5.3 ಮತ್ತು 5.1 ಮಿಲಿಮೀಟರ್ ದಪ್ಪಕ್ಕೆ ತೆಳುವಾದ ಹೊಸ ಪ್ರೊ ಮಾದರಿಗಳಿಗೆ ಹಳೆಯ ಮ್ಯಾಜಿಕ್ ಕೀಬೋರ್ಡ್ ಆಗದು, ಬೇರೆಯದನ್ನೇ ಕೊಳ್ಳಬೇಕು. ಅದೇ ದಿನ ಪ್ರಕಟವಾದ, ಬೆಲೆಯಲ್ಲಿ ಕಡಿಮೆಯಾದ ಏರ್‌ಗೆ ಹಳೆಯದೇ ಆಗುತ್ತದೆ. ಹೆಚ್ಚು ಹಣ ಕೊಟ್ಟವನು ಹಳೆಯ ಕೀಲಿಮಣೆಯನ್ನು ಕಳೆದುಕೊಂಡ, ಕಡಿಮೆ ಕೊಟ್ಟವನು ಉಳಿಸಿಕೊಂಡ. ವ್ಯಾಪಾರದ ಈ ತರ್ಕ ನನಗೆ ಹಿಡಿಸಲಿಲ್ಲ. ಆದರೂ ತೆಳುವಾಗಬೇಕೆಂದು ಕೇಳಿದವರು ಕೊಳ್ಳುವವರೇ ಅಲ್ಲವೆ ಎಂದೂ ಅನ್ನಿಸಿತು.

ಮೈಕ್ರೋಸಾಫ್ಟ್‌ನವರ ಸರ್ಫೇಸ್ ಯಂತ್ರಗಳು ಇಷ್ಟು ಅವಸರ ಪಡಲಿಲ್ಲ. 2012ರಲ್ಲಿ ಮೊದಲ ಸರ್ಫೇಸ್ ಬಂದಾಗಲೇ ಅಯಸ್ಕಾಂತದ ಹೊದಿಕೆ-ಕೀಲಿಮಣೆ ಅದರ ಹೆಗ್ಗುರುತಾಗಿತ್ತು. 2014ರ ಸರ್ಫೇಸ್ ಪ್ರೊ 3ರಿಂದ ಹಿಡಿದು 2021ರ ಆರಂಭದ 7 ಪ್ಲಸ್‌ವರೆಗೆ ಒಂದೇ ಬಗೆಯ ಹೊದಿಕೆ ನಡೆಯಿತು. ಯಂತ್ರವನ್ನು ಎರಡು ಬಾರಿ ಬದಲಿಸಿದರೂ ಕೀಲಿಮಣೆ ಉಳಿಯುತ್ತಿತ್ತು. 2019ರ ಪ್ರೊ ಎಕ್ಸ್ ಮಾದರಿಯಲ್ಲಿ ಕೊಂಡಿ ಬದಲಾಯಿತು. 2021ರ ಪ್ರೊ 8 ಅದನ್ನೇ ಹಿಡಿದ ಮೇಲೆ ಹಳೆಯ ಹೊದಿಕೆಗಳ ಸರಪಳಿ ಕಡಿಯಿತು.

ಇಷ್ಟನ್ನೆಲ್ಲ ಓದಿದ ಮೇಲೆ ನನಗೆ ಎದ್ದು ಕಂಡದ್ದೊಂದು. ಮೂರರಲ್ಲಿ ಆಕಾರ ಎಲ್ಲಕ್ಕಿಂತ ಬೇಗ ಬದಲಾಗುತ್ತದೆ, ಕೊಂಡಿ ಕೆಲವು ವರ್ಷಗಳಿಗೊಮ್ಮೆ, ಭಾಷೆ ಬದಲಾಗುವುದು ಬಲು ಅಪರೂಪ. ಯುಎಸ್‌ಬಿ ಪದ್ಧತಿ 1996ರಲ್ಲಿ ಬಂದಿತು. ಅದರ ಕೀಲಿಮಣೆಗಳು ಪ್ರತಿ ಕೀಲಿಗೂ ಒಂದು ಸಂಖ್ಯೆಯನ್ನು ಕಳುಹಿಸುತ್ತವೆ. ಇಂಗ್ಲಿಷಿನ 'ಎ' ಕೀಲಿಯ ಸಂಖ್ಯೆ 4. ಇಂದಿಗೂ ಅದು ನಾಲ್ಕೇ. ತಂತಿಯಿಲ್ಲದ ಬ್ಲೂಟೂತ್ ಕೀಲಿಮಣೆಗಳೂ ಇದೇ ಸಂಖ್ಯೆಗಳ ಪಟ್ಟಿಯನ್ನು ಬಳಸುತ್ತವೆ. ನಮ್ಮ ಕನ್ನಡಕ್ಕೂ ಇದರಿಂದ ಉಪಕಾರವೇ ಆಗಿದೆ. ಕೀಲಿಮಣೆಗೆ ಅಕ್ಷರಜ್ಞಾನವೇ ಇಲ್ಲ; ಅದು ಬರಿಯ ಸಂಖ್ಯೆಯನ್ನು ಹೇಳುತ್ತದೆ, ಅದನ್ನು 'a' ಎಂದು ಬರೆಯಬೇಕೋ 'ಅ' ಎಂದು ಬರೆಯಬೇಕೋ ಎಂಬುದನ್ನು ತೀರ್ಮಾನಿಸುವುದು ಟ್ಯಾಬ್ಲೆಟ್ಟು. ಆದ್ದರಿಂದಲೇ ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಕನ್ನಡ ಬರೆಯಲು ಕನ್ನಡ ಅಕ್ಷರ ಮುದ್ರಿಸಿದ ಕೀಲಿಮಣೆ ಬೇಕಿಲ್ಲ, ಎಷ್ಟು ಹಳೆಯದಾದರೂ ನಡೆಯುತ್ತದೆ.

ಇದು ಪುಸ್ತಕದ ಮಾತು. ಪ್ರಯೋಗ ಮಾಡಿ ತೋರಿಸಿದವನು ಪೇಟೆಯಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಚರಿತ್ರೆಯಲ್ಲಿ ಮೂವತ್ತೈದು ಅಂಕ ಮೀರಿದವನಲ್ಲ. ನನ್ನ ಹೊದಿಕೆ-ಕೀಲಿಮಣೆಯನ್ನು ತಿರುಗಿಸಿ ನೋಡಿ, "ಇದು ಆಗಲ್ಲ ಸಾರ್, ಇದರ ಆಸೆ ಬಿಡಿ. ಮನೇಲಿ ಹಳೇ ಕಂಪ್ಯೂಟರ್ ಇತ್ತಲ್ಲ, ಅದರ ಕೀಬೋರ್ಡ್ ಎಲ್ಲಿ?" ಎಂದ.

"ಅಟ್ಟದ ಮೇಲಿದೆ ಕಣಪ್ಪ. ಇಪ್ಪತ್ತು ವರ್ಷದ ಹಿಂದಿನದು, ಅದನ್ನೇನು ಮಾಡುತ್ತೀಯೆ?"

"ತಗೊಂಡು ಬನ್ನಿ, ನೋಡೋಣ."

ತಂದುಕೊಟ್ಟೆ. ಧೂಳು ಕೊಡವಿ, ಹಿತ್ತಾಳೆಯ ಪಾತ್ರೆ ಉಜ್ಜುವಷ್ಟು ಶ್ರದ್ಧೆಯಿಂದ ಒರೆಸಿದ. ಅದರ ಅಗಲವಾದ ಯುಎಸ್‌ಬಿ ತುದಿಗೆ, ಟ್ಯಾಬ್ಲೆಟ್ಟಿನ ಸಿ ಮಾದರಿಯ ರಂಧ್ರಕ್ಕೆ ಹೊಂದುವ ಒಂದು ಸಣ್ಣ ಜೋಡಣೆಯನ್ನು ಸಿಕ್ಕಿಸಿದ. ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಿಗೆ ಹೀಗೆ ತಂತಿಯ ಕೀಲಿಮಣೆಯನ್ನು ಒಪ್ಪಿಕೊಳ್ಳುವ ಶಕ್ತಿ 2011ರಲ್ಲಿ, 3.1ನೆಯ ಆವೃತ್ತಿಯಲ್ಲಿಯೇ ಬಂದಿತ್ತಂತೆ. ಪರದೆಯ ಮೇಲೆ ಅಕ್ಷರ ಮೂಡಿತು. ಜೋಡಣೆಗೆ ನೂರೈವತ್ತು ರೂಪಾಯಿ. ಅದನ್ನೂ ತೆಗೆದುಕೊಳ್ಳಲೊಲ್ಲ, ಬಲವಂತ ಮಾಡಿ ಕೊಟ್ಟು ಬಂದೆ.

ನಿಮ್ಮಲ್ಲಿ ಯಾರಾದರೂ ಹಿರಿಯರಿಗೆ ಹೊಸ ಟ್ಯಾಬ್ಲೆಟ್ ಕೊಡಿಸುವವರಿದ್ದರೆ ಒಂದು ಮಾತು. ಅಂಟಿಕೊಳ್ಳುವ ಕೀಲಿಮಣೆ ಮನೆಯಲ್ಲಿದ್ದರೆ ಕಂಪನಿಯ ಹೆಸರನ್ನೂ ಅಂಗುಲವನ್ನೂ ನಂಬಬೇಡಿ. ಮಾದರಿಯ ಹೆಸರು ಮತ್ತು ತಲೆಮಾರನ್ನು ಬರೆದುಕೊಂಡು, ತಯಾರಕರ ಹೊಂದಾಣಿಕೆಯ ಪಟ್ಟಿಯಲ್ಲಿ ಅದು ಇದೆಯೇ ಎಂದು ನೋಡಿ. ಬ್ಲೂಟೂತ್ ಕೀಲಿಮಣೆಯಾದರೆ ಹೆಚ್ಚಿನ ಚಿಂತೆಯಿಲ್ಲ, ಹಳೆಯದೂ ಸಾಮಾನ್ಯವಾಗಿ ಹೊಂದುತ್ತದೆ. ಒಳಗಿನ ಬ್ಯಾಟರಿ ಸತ್ತಿಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ. ಪರದೆಯ ಹೊಳಪನ್ನು ಹೆಚ್ಚಿಸುವಂಥ ವಿಶೇಷ ಕೀಲಿಗಳು ಕೆಲವು ಕೆಲಸ ಮಾಡದಿರಬಹುದು, ಅಕ್ಷರಗಳಿಗೆ ತೊಂದರೆಯಾಗದು.

ನನ್ನ ಮೇಜಿನ ಮೇಲೆ ಈಗ ಅಂದವಾದ ತೆಳು ಟ್ಯಾಬ್ಲೆಟ್ಟು ಪುಸ್ತಕಗಳಿಗೆ ಒರಗಿ ನಿಂತಿದೆ, ಅದರ ಮುಂದೆ ಹಳದಿಗಟ್ಟಿದ ಒಂದೂವರೆ ಅಡಿಯ ಕೀಲಿಮಣೆ ಮಲಗಿದೆ. ಮೊಮ್ಮಗಳು ನೋಡಿ ನಕ್ಕಳು, ನನಗೂ ಸಮಾಧಾನವಾಯಿತು. ಶಾಲೆಯ ಇತಿಹಾಸ 1962ರಲ್ಲಿ ನಿಂತಿತ್ತು. ಹೆಂಚಿನ ಕಟ್ಟಡಕ್ಕೆ ಊರವರು ಮರ ಹೊತ್ತು ತಂದ ಪ್ರಸಂಗದಿಂದ ಮುಂದಿನ ವಾರ ಮತ್ತೆ ಆರಂಭಿಸುತ್ತೇನೆ. ಆ ಕಾಲದ ಛಾಯಾಚಿತ್ರಗಳು ನಿಮ್ಮ ಮನೆಗಳಲ್ಲಿದ್ದರೆ ದಯವಿಟ್ಟು ಕಳುಹಿಸಿಕೊಡಿ.